ಗಂಟು, ಜ್ವರ, ರಾತ್ರಿ ಬೆವರು: ಲಿಂಫೋಮಾದಲ್ಲಿ ಸಂದೇಶದ ಪ್ರೋಟೀನುಗಳ ಪಾತ್ರ

(ರಾಯಚೂರಿನ ಪದವಿ ಕಾಲೇಜೊಂದರಲ್ಲಿ ವಿಜ್ಞಾನ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಪೆಥಾಲಜಿಯವನು. ರೋಗಿಯ ಮೈಯಿಂದ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥ ರೋಗ ಎಂದು ಬರೆದುಕೊಡುವುದು ನನ್ನ ಕೆಲಸ. ನಮ್ಮ ಭಾಗದಿಂದ ಬರುವ ಕುತ್ತಿಗೆ ಗಂಟುಗಳಲ್ಲಿ ದೊಡ್ಡ ಪಾಲು ಟಿಬಿಯದು. ಹಿರಿಯರು ಗಂಡಮಾಲೆ ಎನ್ನುತ್ತಿದ್ದುದು ಅದನ್ನೇ. ಅವುಗಳ ನಡುವೆ ಆಗೀಗ ಲಿಂಫೋಮಾ ಬರುತ್ತದೆ, ಅಂದರೆ ರೋಗದ ವಿರುದ್ಧ ಹೋರಾಡಬೇಕಾದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಗೇ ಹತ್ತುವ ಕ್ಯಾನ್ಸರ್. ಆ ರೋಗಿಗಳ ಹಳೆಯ ಚೀಟಿಗಳನ್ನು ಓದುತ್ತ ಹೋದರೆ ಒಂದೇ ಕಥೆ ಮತ್ತೆ ಮತ್ತೆ ಸಿಗುತ್ತದೆ. ಗಂಟು ಬಂತು, ಸಂಜೆ ಜ್ವರ ಬಂತು, ತೂಕ ಇಳಿಯಿತು, ಟಿಬಿ ಗುಳಿಗೆ ಶುರುವಾಯಿತು, ತಿಂಗಳುಗಟ್ಟಲೆ ನುಂಗಿದರೂ ಗಂಟು ಕರಗಲಿಲ್ಲ, ಆಮೇಲೆ ಬಯಾಪ್ಸಿ.

ಯಾರನ್ನೋ ಬೈದು ಇದನ್ನು ಮುಗಿಸಬಹುದು. ಆದರೆ ಇದರ ಬೇರು ಜೀವಶಾಸ್ತ್ರದಲ್ಲೇ ಇದೆ, ಇವತ್ತು ಆ ಬೇರನ್ನು ಹಿಡಿದು ಮಾತಾಡುತ್ತೇನೆ. ಟಿಬಿಯಲ್ಲಿ ಜ್ವರ ತರುವ, ಬೆವರಿಳಿಸುವ, ಮೈ ಒಣಗಿಸುವ ಪ್ರೋಟೀನುಗಳು ಯಾವುವೋ ಲಿಂಫೋಮಾದಲ್ಲಿ ಅದೇ ಕೆಲಸ ಮಾಡುವವೂ ಅವೇ. ರೋಗ ಬೇರೆ, ಸಂದೇಶ ಒಂದೇ. ಹಾಗಾಗಿ ಲಕ್ಷಣ ನೋಡಿ ಈ ಎರಡನ್ನು ಬೇರ್ಪಡಿಸಲು ಎಂಥ ಅನುಭವಿ ವೈದ್ಯರಿಗೂ ಆಗುವುದಿಲ್ಲ.

ಈ ಸಂದೇಶ ಅಂದರೇನು? ಬಿಳಿ ರಕ್ತಕಣಗಳು ರಕ್ತದಲ್ಲಿ, ದುಗ್ಧರಸದಲ್ಲಿ, ಅಂಗಾಂಗಗಳಲ್ಲಿ ಹರಡಿಕೊಂಡಿರುತ್ತವೆ. ಒಂದು ಕಡೆ ರೋಗಾಣು ಕಂಡರೆ ದೂರದ ಕಣಕ್ಕೆ ಅದು ಗೊತ್ತಾಗಬೇಕು. ಅದಕ್ಕೆಂದು ಕಣಗಳು ಸಣ್ಣ ಸಣ್ಣ ಪ್ರೋಟೀನುಗಳನ್ನು ಹೊರಗೆ ಬಿಡುತ್ತವೆ. ಇವಕ್ಕೆ ಸೈಟೊಕೈನ್ ಎಂದು ಹೆಸರು. ಹಳ್ಳಿಯಲ್ಲಿ ಡಂಗುರ ಸಾರಿದ ಹಾಗೆ ಇದು: ಶಬ್ದ ಇಡೀ ಊರಿಗೆ ಕೇಳಿಸುತ್ತದೆ, ಸಂಬಂಧಪಟ್ಟವರು ಮಾತ್ರ ಮನೆಯಿಂದ ಹೊರಗೆ ಬರುತ್ತಾರೆ. ಯಾವ ಕಣದ ಮೈಮೇಲೆ ಆ ಸೈಟೊಕೈನಿಗೆ ಹೊಂದುವ ರಿಸೆಪ್ಟರ್, ಅಂದರೆ ಸಂದೇಶ ಹಿಡಿಯುವ ಪ್ರೋಟೀನು, ಇದೆಯೋ ಆ ಕಣ ಮಾತ್ರ ಸ್ಪಂದಿಸುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜ್ಯಾನ್ ಲಿಂಡೆನ್‌ಮನ್ ಇಂಥದ್ದೊಂದನ್ನು ಕಂಡುಕೊಂಡರು. ವೈರಸ್ ಹೊಕ್ಕ ಕಣ ಬಿಡುವ ಒಂದು ಪದಾರ್ಥ ಅಕ್ಕಪಕ್ಕದ ಕಣಗಳಲ್ಲಿ ವೈರಸ್ ಬೆಳೆಯದಂತೆ ತಡೆಯುತ್ತಿತ್ತು. ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಆಮೇಲೆ ಇಂಟರ್‌ಲ್ಯೂಕಿನ್‌ಗಳು ಬಂದವು, ಟಿಎನ್‌ಎಫ್ ಬಂತು, ಕಣಗಳನ್ನು ಒಂದು ಜಾಗಕ್ಕೆ ಎಳೆದು ತರುವ ಕೀಮೊಕೈನ್‌ಗಳು ಬಂದವು. ಹೆಸರುಗಳ ಪಟ್ಟಿ ಉದ್ದವಿದೆ. ನಮಗೆ ಈಗ ಬೇಕಾದವು ಮೂರೇ ಮೂರು: ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್.

ಮೊದಲು ಜ್ವರ. ಈ ಮೂರೂ ರಕ್ತದಲ್ಲಿ ಏರಿದಾಗ ಮೆದುಳಿನ ಹೈಪೊಥಲಾಮಸ್‌ನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಮೈಯ ಶಾಖ ಎಷ್ಟಿರಬೇಕು ಎಂಬ ಮಟ್ಟವನ್ನು ಅದು ಮೇಲಕ್ಕೆ ಏರಿಸುತ್ತದೆ. ಮೈ ಆ ಹೊಸ ಮಟ್ಟಕ್ಕೆ ಮುಟ್ಟಲು ನಡುಗಿ ಶಾಖ ಹುಟ್ಟಿಸಿಕೊಳ್ಳುತ್ತದೆ. ಇದೇ ಚಳಿಜ್ವರ. ಪ್ಯಾರಾಸಿಟಮಾಲ್ ಈ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಗ್ಗಿಸುತ್ತದೆ. ಆದ್ದರಿಂದ ಗುಳಿಗೆ ನುಂಗಿದಾಗ ಜ್ವರ ಇಳಿಯಿತು ಎಂದರೆ ರೋಗ ಸಣ್ಣದು ಎಂದು ಅರ್ಥವಲ್ಲ. ಟಿಬಿಯಲ್ಲೂ ಇಳಿಯುತ್ತದೆ, ಲಿಂಫೋಮಾದಲ್ಲೂ ಇಳಿಯುತ್ತದೆ.

ಶಾಖದ ಮಟ್ಟ ಮತ್ತೆ ಕೆಳಗೆ ಬಂದಾಗ ಮೈ ಹೆಚ್ಚುವರಿ ಶಾಖವನ್ನು ಬೆವರಾಗಿ ಹೊರಗೆ ಹಾಕುತ್ತದೆ. ರಾತ್ರಿ ಬೆವರು ಎಂದು ನಾವು ಕೇಳುವುದು ಇದನ್ನೇ. ಇಲ್ಲಿ ನಮ್ಮ ಊರಿನ ಒಂದು ತೊಡಕಿದೆ. ರಾಯಚೂರಿನ ಏಪ್ರಿಲ್-ಮೇ ತಿಂಗಳಲ್ಲಿ, ಕರೆಂಟ್ ಹೋದ ರಾತ್ರಿಯಲ್ಲಿ, ಬೆವರದವರು ಯಾರಿದ್ದಾರೆ? "ರಾತ್ರಿ ಬೆವರುತ್ತೀರಾ" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಕೇಳಿದ ವೈದ್ಯರೂ ಅದನ್ನು ಅಲ್ಲಿಗೇ ಬಿಡುತ್ತಾರೆ. ಕೇಳಬೇಕಾದದ್ದು ಬೇರೆ: ಅಂಗಿ ಹಿಂಡುವಷ್ಟು ತೊಯ್ದು, ಎದ್ದು ಬಟ್ಟೆ ಬದಲಿಸಬೇಕಾಯಿತೇ? ಹಾಸಿಗೆ ಒದ್ದೆಯಾಯಿತೇ? ಮನೆಯಲ್ಲಿ ಉಳಿದವರು ಕೌದಿ ಹೊದ್ದು ಮಲಗಿದ ಡಿಸೆಂಬರಿನಲ್ಲೂ ಹೀಗಾಯಿತೇ? ಆಶಾ ಅಕ್ಕಂದಿರು ಮನೆಮನೆಗೆ ಹೋಗುವವರು, ದಯವಿಟ್ಟು ಪ್ರಶ್ನೆಯನ್ನು ಹೀಗೆ ಕೇಳಿ.

ಮೂರನೆಯದು ತೂಕ. 1985ರಲ್ಲಿ ಅಮೆರಿಕದಲ್ಲಿ ಬ್ರೂಸ್ ಬಾಯ್ಟ್ಲರ್ ಮತ್ತು ಆಂಟನಿ ಸೆರಾಮಿ ಅವರ ತಂಡ, ದೀರ್ಘ ರೋಗದಲ್ಲಿ ಪ್ರಾಣಿಗಳ ಮೈ ಒಣಗಿಸುವ ಒಂದು ಪ್ರೋಟೀನನ್ನು ಬೇರ್ಪಡಿಸಿತ್ತು. ನೋಡಿದರೆ ಅದೂ, ಗಡ್ಡೆಯನ್ನು ಕೊಲ್ಲುತ್ತದೆ ಎಂದು ಹತ್ತು ವರ್ಷ ಮೊದಲೇ ಹೆಸರಾಗಿದ್ದ ಟಿಎನ್‌ಎಫ್ ಕೂಡ ಒಂದೇ. ಹಸಿವು ಕೊಲ್ಲುವುದು, ಸ್ನಾಯು ಕರಗಿಸುವುದು ಅದರ ಇನ್ನೊಂದು ಮುಖ. ಆರು ತಿಂಗಳ ಒಳಗೆ ಮೈತೂಕದ ನೂರಕ್ಕೆ 10 ಭಾಗಕ್ಕಿಂತ ಹೆಚ್ಚು ಇಳಿದರೆ ಲಿಂಫೋಮಾದಲ್ಲಿ ಅದನ್ನು ಗಂಭೀರವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. 60 ಕಿಲೋ ಇದ್ದವರು 54ಕ್ಕಿಂತ ಕೆಳಗೆ ಬಂದರೆ ಎಂದಿಟ್ಟುಕೊಳ್ಳಿ.

ರಕ್ತಹೀನತೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ನಮ್ಮಲ್ಲಿ ಇದು ಬಹಳ ದಾರಿ ತಪ್ಪಿಸುತ್ತದೆ. ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ಹೋಗಿ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಹೆಪ್ಸಿಡಿನ್ ಹೆಚ್ಚಾದರೆ ಕರುಳು ಕಬ್ಬಿಣಾಂಶವನ್ನು ಹೀರುವುದಿಲ್ಲ, ಒಳಗೆ ದಾಸ್ತಾನಿರುವ ಕಬ್ಬಿಣವೂ ಹೊರಗೆ ಬರುವುದಿಲ್ಲ. ರೋಗಾಣುವಿಗೆ ಕಬ್ಬಿಣ ಸಿಗದಂತೆ ಮಾಡುವ ದೇಹದ ಉಪಾಯ ಇದು. ಲಿಂಫೋಮಾದಲ್ಲಿ ಇದೇ ಉಪಾಯ ವರ್ಷಗಟ್ಟಲೆ ನಡೆದು ಹಿಮೋಗ್ಲೋಬಿನ್ ಇಳಿಯುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಎಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಕೆಂಪು ಗುಳಿಗೆ ಕೊಟ್ಟು ಕಳಿಸುತ್ತಾರೆ. ಗುಳಿಗೆ ತಪ್ಪದೆ ನುಂಗಿದರೂ ರಕ್ತ ಏರದೆ, ಜೊತೆಗೆ ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಹೆಚ್ಚಿದ್ದರೆ, ಒಳಗೆ ಏನೋ ಸಂದೇಶ ಬಿಡುವಿಲ್ಲದೆ ನಡೆದಿದೆ ಎಂದು ತಿಳಿಯಬೇಕು.

ಟಿಬಿಯಲ್ಲಿ ಈ ಪ್ರೋಟೀನುಗಳು ಯಾಕೆ ಬರುತ್ತವೆ ಎನ್ನುವುದು ನೇರ. ಟಿಬಿ ಬ್ಯಾಕ್ಟೀರಿಯಾವನ್ನು ನುಂಗಿದ ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕಣ ಇಂಟರ್‌ಲ್ಯೂಕಿನ್-12 ಬಿಡುತ್ತದೆ. ಅದರಿಂದ ಎಚ್ಚೆತ್ತ ಟಿ ಕಣ, ಅಂದರೆ ಒಂದು ಬಗೆಯ ಲಿಂಫೋಸೈಟ್, ಇಂಟರ್‌ಫೆರಾನ್-ಗಾಮಾ ಬಿಡುತ್ತದೆ. ಅದರಿಂದ ಬಲಗೊಂಡ ಮ್ಯಾಕ್ರೊಫೇಜ್ ಟಿಎನ್‌ಎಫ್ ಬಿಡುತ್ತದೆ. ಎಲ್ಲ ಕಣಗಳೂ ಒತ್ತೊತ್ತಾಗಿ ನಿಂತು ಬ್ಯಾಕ್ಟೀರಿಯಾವನ್ನು ಸುತ್ತುಗಟ್ಟುತ್ತವೆ. ಆ ಗುಂಪಿಗೆ ಗ್ರ್ಯಾನುಲೋಮಾ ಎನ್ನುತ್ತೇವೆ. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಔಷಧಿ ತೆಗೆದುಕೊಂಡ ಕೆಲವರಲ್ಲಿ ಅಡಗಿದ್ದ ಟಿಬಿ ಮತ್ತೆ ಎದ್ದುಬರುತ್ತದೆ. ಆ ಸುತ್ತುಗಟ್ಟುವಿಕೆಗೆ ಟಿಎನ್‌ಎಫ್ ಎಷ್ಟು ಅಗತ್ಯ ಎನ್ನುವುದಕ್ಕೆ ಅದೇ ಸಾಕ್ಷಿ. ಟಿಬಿಯಲ್ಲಿ ಸಂದೇಶಕ್ಕೊಂದು ಕಾರಣವಿದೆ, ಗುರಿಯಿದೆ. ಬ್ಯಾಕ್ಟೀರಿಯಾ ಸತ್ತರೆ ಸಂದೇಶವೂ ನಿಲ್ಲುತ್ತದೆ.

ಲಿಂಫೋಮಾದಲ್ಲಿ ಕೊಲ್ಲಬೇಕಾದ ಬ್ಯಾಕ್ಟೀರಿಯಾ ಇಲ್ಲ. ಆದರೂ ಸಂದೇಶ ನಡೆದಿರುತ್ತದೆ. ಯಾರು ಕಳಿಸುತ್ತಿದ್ದಾರೆ?

ಇದಕ್ಕೆ ಹಾಡ್ಜ್‌ಕಿನ್ ಲಿಂಫೋಮಾಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. 1832ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್ಜ್‌ಕಿನ್ ದುಗ್ಧಗ್ರಂಥಿಗಳ, ಅಂದರೆ ಊದಿದಾಗ ಗಂಟಾಗಿ ಕೈಗೆ ಸಿಗುವ ಗ್ರಂಥಿಗಳ, ಈ ರೋಗವನ್ನು ಮೊದಲು ಬರೆದರು. 1898ರಲ್ಲಿ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ ಆ ಗ್ರಂಥಿಗಳಲ್ಲಿ ದೊಡ್ಡ ವಿಚಿತ್ರ ಕಣಗಳನ್ನು ವಿವರಿಸಿದರು, ಆದರೆ ಇದು ಟಿಬಿಯದೇ ಒಂದು ಬಗೆ ಎಂದು ತಿಳಿದರು. 1902ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಡೊರೊಥಿ ರೀಡ್ ಎಂಬ ಯುವ ವೈದ್ಯೆ ಅದೇ ಕಣಗಳನ್ನು ಚಿತ್ರ ಬರೆದು ತೋರಿಸಿ, ಇದು ಟಿಬಿ ಅಲ್ಲವೇ ಅಲ್ಲ, ಬೇರೆಯದೇ ರೋಗ ಎಂದು ಖಚಿತವಾಗಿ ಹೇಳಿದರು. ಇವತ್ತಿಗೂ ಆ ಕಣಕ್ಕೆ ರೀಡ್-ಸ್ಟರ್ನ್‌ಬರ್ಗ್ ಕಣ ಎಂದೇ ಹೆಸರು. ಸಿಂಧನೂರಿನ, ದೇವದುರ್ಗದ ಒಬ್ಬ ಹುಡುಗನ ಕುತ್ತಿಗೆ ಗಂಟಿನ ಬಗ್ಗೆ ಇವತ್ತು ನಾವು ಪಡುವ ಗೊಂದಲವನ್ನು ಆ ಕಾಲದ ಅತ್ಯುತ್ತಮ ಕಣ್ಣುಗಳೂ ಪಟ್ಟಿದ್ದವು. ಇದನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ.

ಹಾಡ್ಜ್‌ಕಿನ್ ಗಂಟನ್ನು ಕತ್ತರಿಸಿ ನೋಡಿದರೆ ಕ್ಯಾನ್ಸರ್ ಕಣಗಳು ಬೆರಳೆಣಿಕೆಯಷ್ಟು ಸಿಗುತ್ತವೆ. ಎಷ್ಟೋ ಸಲ ನೂರರಲ್ಲಿ ಒಂದು. ಉಳಿದ ತೊಂಬತ್ತೊಂಬತ್ತು ಆರೋಗ್ಯವಂತ ಕಣಗಳೇ: ಟಿ ಕಣಗಳು, ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಇಯೋಸಿನೊಫಿಲ್‌ಗಳು, ಮ್ಯಾಕ್ರೊಫೇಜ್‌ಗಳು. ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕರೆ ನೀವು ಮುಟ್ಟುತ್ತಿರುವುದು ಬಹುಮಟ್ಟಿಗೆ ಕ್ಯಾನ್ಸರನ್ನಲ್ಲ, ಕ್ಯಾನ್ಸರ್ ಕರೆಸಿಕೊಂಡ ಗುಂಪನ್ನು. ಕರೆಸುವ ಕೆಲಸ ಮಾಡುವುದು ಕೀಮೊಕೈನ್‌ಗಳು. ರೀಡ್-ಸ್ಟರ್ನ್‌ಬರ್ಗ್ ಕಣ ಟಾರ್ಕ್ ಎಂಬ ಕೀಮೊಕೈನನ್ನು ಧಾರಾಳವಾಗಿ ಬಿಡುತ್ತದೆ. ಅದು ಒಂದು ಜಾತಿಯ ಟಿ ಕಣಗಳನ್ನು ಎಳೆಯುತ್ತದೆ, ಅವುಗಳಲ್ಲಿ ಹೋರಾಟವನ್ನು ತಣ್ಣಗಾಗಿಸುವ ಟಿ ಕಣಗಳೂ ಸೇರಿವೆ. ಇಂಟರ್‌ಲ್ಯೂಕಿನ್-5 ಇಯೋಸಿನೊಫಿಲ್‌ಗಳನ್ನು ಸಾಕುತ್ತದೆ. ಟಿಜಿಎಫ್-ಬೀಟಾ ಎಂಬ ಇನ್ನೊಂದು ಸೈಟೊಕೈನ್ ನಾರು ಬೆಳೆಸುತ್ತದೆ, ಗಂಟು ರಬ್ಬರಿನಂತೆ ಗಟ್ಟಿಯಾಗುತ್ತದೆ. ಬಂದು ನೆರೆದ ಕಣಗಳು ತಿರುಗಿ ಕ್ಯಾನ್ಸರ್ ಕಣಕ್ಕೆ ಬದುಕಲು ಬೇಕಾದ ಸಂದೇಶ ಕೊಡುತ್ತವೆ. ಪ್ರಯೋಗಾಲಯದಲ್ಲಿ ಆ ಗುಂಪಿನಿಂದ ಬೇರ್ಪಡಿಸಿ ರೀಡ್-ಸ್ಟರ್ನ್‌ಬರ್ಗ್ ಕಣವನ್ನು ಬೆಳೆಸುವುದು ಬಹಳ ಕಷ್ಟ.

ಈಗ ಸೂಜಿ ಪರೀಕ್ಷೆ ಯಾಕೆ ಸಾಲುವುದಿಲ್ಲ ಎಂಬುದು ನಿಮಗೇ ಹೊಳೆದಿರಬೇಕು. ತೆಳು ಸೂಜಿಯಿಂದ ಗಂಟಿನ ಒಂದಿಷ್ಟು ಕಣ ಹೀರಿದರೆ ಬರುವುದು ಆ ತೊಂಬತ್ತೊಂಬತ್ತರ ಪಾಲು. ನಾವು "ಸೋಂಕಿನಿಂದ ಊದಿದ ಗ್ರಂಥಿ" ಎಂದು ಬರೆದುಕೊಡುವ ಅಪಾಯವಿದೆ. ಇನ್ನೂ ಕಷ್ಟದ ಸಂಗತಿ ಎಂದರೆ ಹಾಡ್ಜ್‌ಕಿನ್ ಗಂಟಿನಲ್ಲೂ ಒಮ್ಮೊಮ್ಮೆ ಗ್ರ್ಯಾನುಲೋಮಾಗಳಿರುತ್ತವೆ. ಸಂದೇಶ ಅಲ್ಲೂ ಅದೇ ತಾನೆ. ಸೂಜಿಗೆ ಆ ಗ್ರ್ಯಾನುಲೋಮಾ ಮಾತ್ರ ಸಿಕ್ಕರೆ ವರದಿಯಲ್ಲಿ ಟಿಬಿಯ ಸೂಚನೆ ಬರುತ್ತದೆ. ಸೂಜಿ ಪರೀಕ್ಷೆಯನ್ನು ನಾನು ಹಳಿಯುತ್ತಿಲ್ಲ. ಟಿಬಿಗೆ ಅದು ಒಳ್ಳೆಯದು, ಹೀರಿದ ದ್ರವವನ್ನೇ ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆಯಾದ ಸಿಬಿನಾಟ್‌ಗೆ ಕಳಿಸಬಹುದು. ಆದರೆ ಲಿಂಫೋಮಾದ ಅನುಮಾನವಿದ್ದರೆ ಇಡೀ ಗ್ರಂಥಿಯನ್ನೇ ತೆಗೆದು ನೋಡಬೇಕು. ಕಣಗಳು ಹೇಗೆ ಜೋಡಿಸಿಕೊಂಡಿವೆ ಎಂಬುದು ನಮಗೆ ಕಾಣಬೇಕು.

ಇಷ್ಟು ಹೊರಗಿನ ಸಂದೇಶದ ಮಾತಾಯಿತು. ಈಗ ಕಣದ ಒಳಗೆ ಬರೋಣ. ವಿಜ್ಞಾನ ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಿ, ಉಳಿದವರಿಗೂ ಅರ್ಥವಾಗುವ ಹಾಗೆ ಹೇಳುತ್ತೇನೆ.

ಲಿಂಫೋಮಾಗಳಲ್ಲಿ ಹೆಚ್ಚಿನವು ಬಿ ಕಣದಿಂದ ಹುಟ್ಟುತ್ತವೆ, ಅಂದರೆ ಆಂಟಿಬಾಡಿ ತಯಾರಿಸುವ ಕಣದಿಂದ. ಹೊಸ ರೋಗಾಣು ಬಂದಾಗ ಬಿ ಕಣ ಗ್ರಂಥಿಯ ಒಳಗೆ ಒಂದು ವಿಶೇಷ ಜಾಗದಲ್ಲಿ ಕೂತು ತನ್ನ ಆಂಟಿಬಾಡಿ ಜೀನುಗಳನ್ನು ತಾನೇ ಬೇಕೆಂದು ತಿದ್ದುತ್ತದೆ, ಹೆಚ್ಚು ಹೊಂದುವ ಆಂಟಿಬಾಡಿ ಸಿಗಲಿ ಎಂದು. ಡಿಎನ್‌ಎಯನ್ನು ಕೈಯಾರೆ ಕೆಡಿಸಿಕೊಳ್ಳುವ ಈ ಕೆಲಸ ಅಪಾಯದ್ದು. ಅದಕ್ಕಾಗಿಯೇ ದೇಹ ಅಲ್ಲೊಂದು ಕಟ್ಟುನಿಟ್ಟು ಇಟ್ಟಿದೆ: ಟಿ ಕಣದಿಂದ "ಬದುಕು" ಎಂಬ ಸಂದೇಶ ಬಾರದ ಬಿ ಕಣ ಕೆಲವೇ ಗಂಟೆಗಳಲ್ಲಿ ತಾನಾಗಿ ಸಾಯಬೇಕು. ಸಿಡಿ40 ಎಂಬ ರಿಸೆಪ್ಟರ್ ಮೂಲಕ, ಇಂಟರ್‌ಲ್ಯೂಕಿನ್-21ರ ಮೂಲಕ ಆ ಸಂದೇಶ ಬರುತ್ತದೆ. ಲಿಂಫೋಮಾ ಎನ್ನುವುದು ಈ ಕಟ್ಟುನಿಟ್ಟನ್ನು ದಾಟಿದ ಕಣದ ಕಥೆ. ಯಾರೂ "ಬದುಕು" ಅನ್ನದಿದ್ದರೂ ಅದು ಬದುಕುತ್ತದೆ.

ದಾಟುವ ದಾರಿಗಳು ಹಲವು. ಬಹಳಷ್ಟು ದಾರಿಗಳು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿಗೆ ಬಂದು ಸೇರುತ್ತವೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಬಿ ಕಣಗಳಲ್ಲೇ ಇದನ್ನು ಕಂಡುಹಿಡಿದರು. ಸಾಮಾನ್ಯವಾಗಿ ಇದು ಕಣದ ರಸದಲ್ಲಿ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಹೊರಗಿನಿಂದ ಸಂದೇಶ ಬಂದಾಗ ಬಿಡುಗಡೆಯಾಗಿ ಕಣಕೇಂದ್ರಕ್ಕೆ ಹೋಗಿ, ಬೆಳವಣಿಗೆಯ ಮತ್ತು ಸಾವನ್ನು ತಡೆಯುವ ಜೀನುಗಳನ್ನು ಚಾಲೂ ಮಾಡುತ್ತದೆ. ಇಂಟರ್‌ಲ್ಯೂಕಿನ್-6ರ ಜೀನೂ ಅದರ ಪಟ್ಟಿಯಲ್ಲಿದೆ. ಕೆಲಸ ಮುಗಿದ ಮೇಲೆ ಮತ್ತೆ ಸುಮ್ಮನಾಗಬೇಕು. ಕೆಲವು ಲಿಂಫೋಮಾಗಳಲ್ಲಿ ಅದು ಸುಮ್ಮನಾಗುವುದೇ ಇಲ್ಲ.

ಒಂದು ಉದಾಹರಣೆ ಕೊಟ್ಟರೆ ಸಾಕು. ಎಂವೈಡಿ88 ಎಂಬ ಪ್ರೋಟೀನು, ರೋಗಾಣುವನ್ನು ಗುರುತಿಸುವ ರಿಸೆಪ್ಟರಿನಿಂದ ಎನ್‌ಎಫ್-ಕಪ್ಪಾ-ಬಿ ತನಕ ಸುದ್ದಿ ಮುಟ್ಟಿಸುತ್ತದೆ. ಅದರ 265ನೇ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಬಂದರೆ, ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ, ರೋಗಾಣು ಇಲ್ಲದಿದ್ದರೂ ಅದು ಸುದ್ದಿ ಮುಟ್ಟಿಸುತ್ತಲೇ ಇರುತ್ತದೆ. ದೊಡ್ಡ ಬಿ ಕಣದ ಲಿಂಫೋಮಾದ ಒಂದು ಬಗೆಯಲ್ಲಿ ಸುಮಾರು ನೂರಕ್ಕೆ 30 ರೋಗಿಗಳಲ್ಲಿ ಈ ಬದಲಾವಣೆ ಇರುವುದು 2011ರಲ್ಲಿ ತಿಳಿಯಿತು. ವಾಲ್ಡನ್‌ಸ್ಟ್ರಾಮ್ ಎಂಬ ನಿಧಾನಗತಿಯ ಲಿಂಫೋಮಾದಲ್ಲಿ ನೂರಕ್ಕೆ 90ರಷ್ಟು ಜನರಲ್ಲಿ ಇದು ಸಿಗುತ್ತದೆ. ಹಲವರಲ್ಲಿ ಕಾಣುವ ಕ್ಯಾನ್ಸರಿಗೆ ಒಂದೇ ಅಕ್ಷರ ಹೀಗೆ ಗುರುತಾಗಿ ಸಿಗುವುದು ಅಪರೂಪ.

ಬಿ ಕಣದ ರಿಸೆಪ್ಟರಿನಿಂದ ಬರುವ ಇನ್ನೊಂದು ದಾರಿಯಲ್ಲಿ ಬಿಟಿಕೆ ಎಂಬ ಕಿಣ್ವವಿದೆ. ಇದರ ಇತಿಹಾಸ ನನಗೆ ತುಂಬ ಇಷ್ಟ. 1952ರಲ್ಲಿ ಆಗ್ಡನ್ ಬ್ರೂಟನ್ ಎಂಬ ಮಕ್ಕಳ ವೈದ್ಯರು ಮತ್ತೆ ಮತ್ತೆ ಸೋಂಕಿಗೆ ಬೀಳುತ್ತಿದ್ದ ಬಾಲಕನೊಬ್ಬನ ರಕ್ತದಲ್ಲಿ ಆಂಟಿಬಾಡಿಗಳೇ ಇಲ್ಲವೆಂದು ತೋರಿಸಿದರು. ಕಾರಣವಾದ ಜೀನು ಸಿಕ್ಕಿದ್ದು 1993ರಲ್ಲಿ. ಅದೇ ಬಿಟಿಕೆ. ಬಿಟಿಕೆ ಇಲ್ಲದಿದ್ದರೆ ಬಿ ಕಣ ಬೆಳೆಯುವುದಿಲ್ಲ ಎಂದಾದರೆ, ಅದನ್ನು ತಡೆದರೆ ಬಿ ಕಣದ ಲಿಂಫೋಮಾ ಕುಗ್ಗಬೇಕಲ್ಲವೇ? ಆ ಯೋಚನೆಯ ಫಲವಾದ ಇಬ್ರುಟಿನಿಬ್ ಗುಳಿಗೆಗೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಒಂದು ಮಗುವಿನ ಕೊರತೆಯನ್ನು ಶ್ರದ್ಧೆಯಿಂದ ಬರೆದಿಟ್ಟದ್ದು ಅರುವತ್ತು ವರ್ಷದ ನಂತರ ಬೇರೆ ರೋಗದವರ ಔಷಧಿಯಾಯಿತು.

ವೈರಸ್ಸೂ ಈ ದಾರಿ ಹಿಡಿಯುತ್ತದೆ. 1964ರಲ್ಲಿ ಪತ್ತೆಯಾದ ಎಪ್‌ಸ್ಟೈನ್-ಬಾರ್ ವೈರಸ್ ನಮ್ಮಲ್ಲಿ ಬಹುತೇಕ ಎಲ್ಲರಿಗೂ ಚಿಕ್ಕಂದಿನಲ್ಲೇ ಬಂದು, ಬಿ ಕಣಗಳಲ್ಲಿ ಸುಮ್ಮನೆ ಉಳಿದುಬಿಡುತ್ತದೆ. ಅದರ ಎಲ್‌ಎಂಪಿ1 ಎಂಬ ಪ್ರೋಟೀನು, ಸಿಡಿ40ಕ್ಕೆ ಸಂದೇಶ ಬಂದಾಗ ಆಗುವುದನ್ನೆಲ್ಲ ಸಂದೇಶವಿಲ್ಲದೆಯೇ ಮಾಡಿಸುತ್ತದೆ. ನಮ್ಮ ದೇಶದ ಮಕ್ಕಳ ಹಾಡ್ಜ್‌ಕಿನ್‌ನಲ್ಲಿ ಬಹುಪಾಲು ಈ ವೈರಸ್ ಸಿಗುತ್ತದೆ. ವೈರಸ್ ಇದ್ದವರಿಗೆಲ್ಲ ಲಿಂಫೋಮಾ ಬರುವುದಿಲ್ಲ, ಹೆದರಬೇಡಿ. ಆದರೆ ಎಚ್‌ಐವಿ ಇದ್ದವರಲ್ಲಿ ಅಪಾಯ ನಿಜವಾಗಿಯೂ ಹೆಚ್ಚು. ಆದ್ದರಿಂದ ಗಂಟಿನ ಪರೀಕ್ಷೆಯ ಜೊತೆ ಎಚ್‌ಐವಿ ಪರೀಕ್ಷೆಯೂ ಆಗಬೇಕು.

ಹೊರಗಿನ ಸಂದೇಶ ನಿಲ್ಲಿಸಿದರೆ ಲಿಂಫೋಮಾ ಕರಗುತ್ತದೆಯೇ? ಒಂದು ಜಾಗದಲ್ಲಿ ಕರಗುತ್ತದೆ. ಜಠರದಲ್ಲಿ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಇದ್ದವರಲ್ಲಿ ಕೆಲವರಿಗೆ ಮಾಲ್ಟ್ ಲಿಂಫೋಮಾ ಬರುತ್ತದೆ. ಬ್ಯಾಕ್ಟೀರಿಯಾದ ವಿರುದ್ಧ ಎದ್ದ ಟಿ ಕಣಗಳ ಸಂದೇಶವೇ ಅಲ್ಲಿ ಬಿ ಕಣಗಳನ್ನು ಬೆಳೆಸುತ್ತಿರುತ್ತದೆ. 1993ರಲ್ಲಿ ವೈದ್ಯರು ಅಂಥ ಕೆಲವು ರೋಗಿಗಳಿಗೆ ಕೀಮೋ ಕೊಡದೆ ಬರೀ ಆಂಟಿಬಯೋಟಿಕ್ ಕೊಟ್ಟು ಲಿಂಫೋಮಾ ಹಿಂದೆ ಸರಿದದ್ದನ್ನು ವರದಿ ಮಾಡಿದರು. ಇವತ್ತು ಆರಂಭದ ಹಂತದಲ್ಲಿದ್ದರೆ ನಾಲ್ವರಲ್ಲಿ ಸುಮಾರು ಮೂವರಿಗೆ ಇದೇ ಚಿಕಿತ್ಸೆ ಸಾಕಾಗುತ್ತದೆ. ಉಳಿದವರಲ್ಲಿ ಹಲವರಿಗೆ 11 ಮತ್ತು 18ನೇ ಕ್ರೋಮೊಸೋಮಿನ ತುಂಡುಗಳು ಅದಲುಬದಲಾಗಿ, ಎನ್‌ಎಫ್-ಕಪ್ಪಾ-ಬಿ ತಾನಾಗಿ ಚಾಲೂ ಆಗಿಬಿಟ್ಟಿರುತ್ತದೆ. ಅಂಥ ಕಣಕ್ಕೆ ಬ್ಯಾಕ್ಟೀರಿಯಾ ಇದ್ದರೂ ಒಂದೇ, ಸತ್ತರೂ ಒಂದೇ. ಸಂದೇಶವನ್ನು ಅವಲಂಬಿಸಿದ ರೋಗ ಒಂದು ದಿನ ಸಂದೇಶದ ಹಂಗು ತೊರೆಯುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಕಾಯಿಲೆ ನನಗೆ ಗೊತ್ತಿಲ್ಲ. ತಡ ಮಾಡಬಾರದು ಎಂದು ನಾವು ಹೇಳುವುದಕ್ಕೆ ಇಂಥ ಕಾರಣಗಳಿವೆ.

ಚಿಕಿತ್ಸೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಅದು ನನ್ನ ಕ್ಷೇತ್ರವಲ್ಲ. ಹಾಡ್ಜ್‌ಕಿನ್ ಬೇಗ ಸಿಕ್ಕರೆ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ದೊಡ್ಡ ಬಿ ಕಣದ ಲಿಂಫೋಮಾದಲ್ಲೂ ಸರಿಯಾದ ಚಿಕಿತ್ಸೆ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. ಕ್ಯಾನ್ಸರ್ ಎಂದೊಡನೆ ಮನೆ ಮಂದಿ ಕೈಚೆಲ್ಲಿ ಕೂರುವುದನ್ನು ನೋಡಿದ್ದೇನೆ. ಈ ಕ್ಯಾನ್ಸರಿನಲ್ಲಿ ಅದು ದೊಡ್ಡ ಅನ್ಯಾಯ. ಹಳೆಯ ಔಷಧಿಗಳ ಜೊತೆಗೆ ಈಗ ಸಂದೇಶವನ್ನೇ ಗುರಿಯಾಗಿಸಿಕೊಂಡ ಔಷಧಿಗಳೂ ಇವೆ. ಹಾಡ್ಜ್‌ಕಿನ್ ಕಣ ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೇರಳವಾಗಿ ಹೊತ್ತು ನಿಲ್ಲುತ್ತದೆ. ಅದನ್ನು ಮುಟ್ಟಿದ ಟಿ ಕಣ ತನ್ನ ಮೈಮೇಲಿನ ಪಿಡಿ-1 ಎಂಬ ರಿಸೆಪ್ಟರ್ ಮೂಲಕ "ಸುಮ್ಮನಿರು" ಎಂಬ ಸಂದೇಶ ಪಡೆದು ಕೊಲ್ಲುವುದನ್ನು ಬಿಡುತ್ತದೆ. 1992ರಲ್ಲಿ ಜಪಾನಿನ ತಸುಕು ಹೊಂಜೊ ಅವರ ತಂಡ ಪಿಡಿ-1 ಕಂಡುಹಿಡಿದಿತ್ತು. 2018ರ ನೊಬೆಲ್ ಅವರಿಗೆ ಮತ್ತು ಜೇಮ್ಸ್ ಆಲಿಸನ್ ಅವರಿಗೆ ಬಂತು. ಆ ಸಂದೇಶವನ್ನು ತಡೆಯುವ ಔಷಧಿಯನ್ನು, ಬೇರೆ ಚಿಕಿತ್ಸೆಗಳು ಸೋತಿದ್ದ 23 ಹಾಡ್ಜ್‌ಕಿನ್ ರೋಗಿಗಳಿಗೆ ಕೊಟ್ಟಾಗ 20 ಜನರಲ್ಲಿ ಗಡ್ಡೆ ಕುಗ್ಗಿತು. ಗಂಟಿನ ಸುತ್ತ ಸುಮ್ಮನೆ ನಿಂತಿದ್ದ ಅದೇ ಕಣಗಳು ಮತ್ತೆ ಕೆಲಸಕ್ಕೆ ಇಳಿದವು.

ನಮ್ಮ ದೇಶದ್ದೂ ಒಂದು ಹೆಮ್ಮೆಯ ಸಂಗತಿ ಇದೆ. ರೋಗಿಯ ಟಿ ಕಣಗಳನ್ನೇ ಹೊರಗೆ ತೆಗೆದು, ಬಿ ಕಣವನ್ನು ಗುರುತಿಸುವ ರಿಸೆಪ್ಟರ್ ಜೋಡಿಸಿ, ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಯನ್ನು ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಇಲ್ಲೇ ಸಿದ್ಧಪಡಿಸಿದವು. 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಹೊರದೇಶದಲ್ಲಿ ಕೋಟಿಗಳ ಮಾತು, ಇಲ್ಲಿ ಅದರ ಒಂದು ಸಣ್ಣ ಪಾಲು. ಅದೂ ನಮ್ಮ ರೈತ ಮನೆತನಕ್ಕೆ ಹೊರಲಾರದ ಹೊರೆಯೇ, ಅದು ಇನ್ನೂ ಇಳಿಯಬೇಕು. ಈ ಚಿಕಿತ್ಸೆಯ ದೊಡ್ಡ ಅಪಾಯ ಏನು ಗೊತ್ತೇ? ಕಾದಾಟಕ್ಕಿಳಿದ ಕಣಗಳು ಎಬ್ಬಿಸುವ ಸಂದೇಶದ ಪ್ರವಾಹ, ಅದರಲ್ಲಿ ಮುಖ್ಯವಾಗಿ ಇಂಟರ್‌ಲ್ಯೂಕಿನ್-6. ಜ್ವರ ಏರಿ, ರಕ್ತದ ಒತ್ತಡ ಕುಸಿಯುತ್ತದೆ. ಅದನ್ನು ತಡೆಯಲು ಟೊಸಿಲಿಜುಮ್ಯಾಬ್ ಕೊಡುತ್ತಾರೆ. ಸಂಧಿವಾತಕ್ಕೆಂದು ಬಂದಿದ್ದ, ಇಂಟರ್‌ಲ್ಯೂಕಿನ್-6ರ ರಿಸೆಪ್ಟರನ್ನು ಮುಚ್ಚುವ ಔಷಧಿ ಅದು.

ಇನ್ನು ಸ್ಟೀರಾಯ್ಡ್. ಇದರ ಬಗ್ಗೆ ನನ್ನ ಮಾತು ಖಾರವಾದರೆ ಸಹಿಸಿಕೊಳ್ಳಿ. ಕಾರಣ ತಿಳಿಯದ ಜ್ವರಕ್ಕೆ, ಗಂಟಿಗೆ, ಮೈಕೈ ನೋವಿಗೆ ಸ್ಟೀರಾಯ್ಡ್ ಸೂಜಿ ಅಥವಾ ಗುಳಿಗೆ ಕೊಡುವ ರೂಢಿ ಹಳ್ಳಿಗಳಲ್ಲಿದೆ. ಸ್ಟೀರಾಯ್ಡ್ ಎನ್‌ಎಫ್-ಕಪ್ಪಾ-ಬಿ ಚಾಲೂ ಮಾಡುವ ಜೀನುಗಳನ್ನು ಅದುಮುತ್ತದೆ, ಲಿಂಫೋಸೈಟ್‌ಗಳನ್ನು ನೇರವಾಗಿ ಕೊಲ್ಲುತ್ತದೆ. ಎರಡೇ ದಿನಕ್ಕೆ ಜ್ವರ ಬಿಡುತ್ತದೆ, ಹಸಿವಾಗುತ್ತದೆ, ಗಂಟು ಕುಗ್ಗುತ್ತದೆ. ರೋಗಿಗೆ ಸಂತೋಷ, ಕೊಟ್ಟವರಿಗೆ ಹೆಸರು. ಕೆಲವು ವಾರಗಳಲ್ಲಿ ಗಂಟು ಮರಳುತ್ತದೆ. ಈ ನಡುವೆ ಬಯಾಪ್ಸಿ ಮಾಡಿದರೆ ನನ್ನ ಸ್ಲೈಡಿನಲ್ಲಿ ಸತ್ತ ಕಣಗಳ ರಾಶಿ ಬಿಟ್ಟು ಬೇರೇನೂ ಇರುವುದಿಲ್ಲ, ಯಾವ ಲಿಂಫೋಮಾ ಎಂದು ಹೇಳಲು ಆಗುವುದಿಲ್ಲ. ಅದೇ ಸ್ಟೀರಾಯ್ಡ್ ಲಿಂಫೋಮಾದ ನಿಜವಾದ ಚಿಕಿತ್ಸೆಯಲ್ಲೂ ಒಂದು ಔಷಧಿ. ಮದ್ದು ಕೆಟ್ಟದ್ದಲ್ಲ, ಕೊಡುವ ಸರದಿ ಕೆಟ್ಟದ್ದು. ಮೊದಲು ತುಣುಕು, ಆಮೇಲೆ ಸ್ಟೀರಾಯ್ಡ್.

ಇಷ್ಟು ನನ್ನ ಮಾತು. ಇನ್ನು ಪ್ರಶ್ನೆಗಳು.

"ಸರ್, ನಮ್ಮ ತಮ್ಮಗ ಟಿಬಿ ಗುಳಿಗಿ ಶುರು ಮಾಡಿ ಎರಡು ತಿಂಗಳಾತ್ರಿ. ಗಂಟು ಮೊದಲಿನಕಿಂತ ದೊಡ್ಡದಾಗ್ಯಾದ. ಗುಳಿಗಿ ಬಿಡಸಬೇಕೇನ್ರಿ?"

ಬಿಡಿಸಬೇಡಮ್ಮ. ಟಿಬಿ ಗುಳಿಗೆ ಶುರುವಾದ ಮೇಲೆ ಗಂಟು ಕೆಲಕಾಲ ದೊಡ್ಡದಾಗುವುದೂ ಉಂಟು. ಸಾಯುತ್ತಿರುವ ಬ್ಯಾಕ್ಟೀರಿಯಾದ ತುಣುಕುಗಳಿಗೆ ಸಂದೇಶ ಇನ್ನೂ ಜೋರಾಗುತ್ತದೆ. ನೀನು ನೋಡಬೇಕಾದದ್ದು, ಟಿಬಿ ಎಂದು ಹೇಗೆ ತೀರ್ಮಾನಿಸಿದರು ಎಂಬುದನ್ನು. ಚೀಟಿಯಲ್ಲಿ ಸಿಬಿನಾಟ್ ಪಾಸಿಟಿವ್ ಎಂದೋ, ಬ್ಯಾಕ್ಟೀರಿಯಾ ಕಂಡಿತು ಎಂದೋ ಇದ್ದರೆ ಸಮಾಧಾನದಿಂದಿರಿ, ಅದೇ ವೈದ್ಯರಿಗೆ ಮತ್ತೆ ತೋರಿಸಿ. ಅಂಥದ್ದೇನೂ ಇಲ್ಲದೆ ಲಕ್ಷಣ ನೋಡಿ ಶುರು ಮಾಡಿದ್ದರೆ ಈ ವಾರವೇ ಇಲ್ಲಿನ ಸರ್ಕಾರಿ ಆಸ್ಪತ್ರೆಯಾದ ರಿಮ್ಸ್‌ಗೆ ಕರೆದುಕೊಂಡು ಹೋಗಿ, ಗ್ರಂಥಿ ತೆಗೆದು ನೋಡಿ ಎಂದು ಕೇಳಿ.

"ಚೂರಿ ಹಾಕಿದ್ರ ಕ್ಯಾನ್ಸರ್ ಮೈತುಂಬ ಹರಡತೈತಿ ಅಂತಾರಲ್ಲ್ರಿ?"

ಗ್ರಂಥಿ ತೆಗೆದು ಪರೀಕ್ಷಿಸುವುದರಿಂದ ಲಿಂಫೋಮಾ ಹರಡುವುದಿಲ್ಲ. ಈ ಮಾತಿಗೆ ಹೆದರಿ ತಡ ಮಾಡಿದವರಲ್ಲಿ ರೋಗ ತಾನಾಗಿ ಹರಡಿದ್ದನ್ನು ಮಾತ್ರ ನೋಡಿದ್ದೇನೆ.

"ನಾವು ಭತ್ತಕ್ಕ, ಮೆಣಸಿನಕಾಯಿಗೆ ಎಣ್ಣಿ ಹೊಡಿತೀವ್ರಿ. ಅದರಿಂದ ಬರತೈತೇನ್ರಿ ಈ ರೋಗ?"

ಕೇಳಿದ್ದು ಒಳ್ಳೆಯದಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಲಿಂಡೇನ್ ಎಂಬ ಕೀಟನಾಶಕವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು, ಲಿಂಫೋಮಾದ ಆಧಾರದ ಮೇಲೇ. ಕಳೆನಾಶಕ ಗ್ಲೈಫೊಸೇಟ್ ಅನ್ನು ಅದೇ ವರ್ಷ "ಬಹುಶಃ ತರಬಹುದು" ಎಂಬ ವರ್ಗದಲ್ಲಿ ಇಟ್ಟಿತು. ಒಬ್ಬ ರೋಗಿಯನ್ನು ತೋರಿಸಿ ಇವರಿಗೆ ಎಣ್ಣೆಯಿಂದಲೇ ಬಂತು ಎಂದು ಹೇಳಲು ಬರುವುದಿಲ್ಲ. ಆದರೆ ಬರಿಗೈಯಲ್ಲಿ ಕಲಸುವುದು, ಗಾಳಿಗೆ ಎದುರಾಗಿ ಹೊಡೆಯುವುದು, ಆ ಬಟ್ಟೆಯಲ್ಲೇ ಕೂತು ಬುತ್ತಿ ಉಣ್ಣುವುದು, ಇವು ನಿಲ್ಲಬೇಕು. ಡಬ್ಬಿಯನ್ನು ನೀರಿಗೆ ಬಳಸುವುದಂತೂ ಖಂಡಿತ ಬೇಡ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಇಮ್ಯುನಿಟಿ ಹೆಚ್ಚಿಸುವ ಪುಡಿ, ಕಷಾಯ ಕೊಟ್ಟರೆ ಲಿಂಫೋಮಾ ರೋಗಿಗೆ ಒಳ್ಳೆಯದಲ್ಲವೇ ಸರ್?"

ಲಿಂಫೋಮಾದಲ್ಲಿ ರೋಗನಿರೋಧಕ ಸಂದೇಶ ಕಡಿಮೆಯಾಗಿರುವುದಿಲ್ಲ ಮಗು. ತಪ್ಪು ಸಂದೇಶ ಬೇಕಾದ್ದಕ್ಕಿಂತ ಹೆಚ್ಚಾಗಿರುತ್ತದೆ. ಕೀಮೋ ನಡೆಯುವಾಗ ಇಂಥ ಪುಡಿಗಳು ಯಕೃತ್ತಿನಲ್ಲಿ ಔಷಧಿಗೆ ಅಡ್ಡ ಬರಬಹುದು. ಮನೆಯ ಬಿಸಿ ಊಟ, ಮೊಟ್ಟೆ, ಬೇಳೆ, ಕಾಯಿಸಿ ಆರಿಸಿದ ನೀರು, ಇವು ಸಾಕು. ಬೇರೆ ಏನೇ ಕೊಡುವುದಿದ್ದರೂ ಚಿಕಿತ್ಸೆ ಕೊಡುವ ವೈದ್ಯರನ್ನು ಕೇಳಿ ಕೊಡಿ.

ಕೊನೆಯದು, ಹಿಂದೆ ನಿಂತಿದ್ದ ಹಿರಿಯರೊಬ್ಬರದು: "ಇಲ್ಲಿ ಬಯಾಪ್ಸಿ ಮಾಡಿಸಿ ಹೈದರಾಬಾದಿಗೆ ಹೋದ್ರ ಅಲ್ಲಿ ಮತ್ತ ಮಾಡಬೇಕು ಅಂತಾರ್ರಿ. ಎರಡೆರಡು ಸಲ ಯಾಕ್ರಿ ಕೊಯ್ಯಸ್ಕೋಬೇಕು?"

ಬಹಳ ಸಲ ಬೇಕಾಗುವುದಿಲ್ಲ ಕಾಕಾ. ನಾವು ತುಣುಕನ್ನು ಮೇಣದಲ್ಲಿ ಹುದುಗಿಸಿ ಸಣ್ಣ ಬ್ಲಾಕ್ ಮಾಡಿ ಇಟ್ಟಿರುತ್ತೇವೆ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಸಿಡಿ20, ಸಿಡಿ30 ಅಂತ ದೊಡ್ಡ ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಗಳೆಲ್ಲ ಅದೇ ಬ್ಲಾಕಿನಿಂದ ತೆಳುವಾಗಿ ಕೊಯ್ದ ಪದರಗಳ ಮೇಲೆ ನಡೆಯುತ್ತವೆ. ಜನ ವರದಿಯ ಕಾಗದ ಮಾತ್ರ ಒಯ್ಯುತ್ತಾರೆ, ಬ್ಲಾಕ್ ಇಲ್ಲೇ ಉಳಿಯುತ್ತದೆ, ಅದಕ್ಕೇ ಅಲ್ಲಿ ಮತ್ತೆ ಕೊಯ್ಯುತ್ತಾರೆ. ಹೈದರಾಬಾದಿಗೆ ಹೋಗಿ, ಬೆಂಗಳೂರಿನ ಕಿದ್ವಾಯಿಗೆ ಹೋಗಿ, ಕಲಬುರಗಿಗೆ ಹೋಗಿ, ಹೊರಡುವ ಮೊದಲು ಲ್ಯಾಬಿಗೆ ಬಂದು ಒಂದು ಅರ್ಜಿ ಬರೆದುಕೊಟ್ಟು ಬ್ಲಾಕ್ ಮತ್ತು ಸ್ಲೈಡ್ ಕೇಳಿ ತೆಗೆದುಕೊಳ್ಳಿ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಹೊರರಾಜ್ಯದ ಆಸ್ಪತ್ರೆಗೆ ಹೋಗುವವರು ಅಲ್ಲಿ ಅದು ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬ್ಲಾಕನ್ನು ಬಿಸಿಲಿಗೆ, ಬಸ್ಸಿನ ಕಿಟಕಿಯ ಹತ್ತಿರ ಇಡಬೇಡಿ, ಮೇಣ ಕರಗುತ್ತದೆ. ಚೀಲದ ನಡುವೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ, ಅಲ್ಲಿನ ಕೆಲಸ ಮುಗಿದ ಮೇಲೆ ಮರಳಿ ಕೇಳಿ ತನ್ನಿ.